ಕೆನ್ನೆಯ ಗಂಟು ಮಿಡಿದಾಗ

ಈ ಪುಟವನ್ನು ಓದುತ್ತಿರುವ ಹಾಗೆಯೇ ಒಂದು ಸಣ್ಣ ಪರೀಕ್ಷೆಯನ್ನು ಮಾಡಿಕೊಳ್ಳಿರಿ. ಹಲ್ಲುಗಳನ್ನು ಗಟ್ಟಿಯಾಗಿ ಕಚ್ಚಿದರೆ ದವಡೆಯ ಹಿಂಭಾಗದಲ್ಲಿ ಒಂದು ಸ್ನಾಯು ಬಿಗಿದು ನಿಲ್ಲುವುದು ಕೈಗೆ ತಿಳಿಯುತ್ತದೆ. ಅದರ ಮುಂದಿನ ಅಂಚಿನಲ್ಲಿ, ಕೆಳದವಡೆಯ ಮೂಳೆಯ ಕೆಳಬದಿಯ ಮೇಲೆ, ಬೆರಳಿನ ತುದಿಯನ್ನು ಮೃದುವಾಗಿ ಇಡಿರಿ. ಈಗ ಹಲ್ಲುಗಳನ್ನು ಸಡಿಲಬಿಟ್ಟು ಒಂದು ಕ್ಷಣ ಕಾಯಿರಿ. ಅಲ್ಲೊಂದು ನಾಡಿ ಮಿಡಿಯುತ್ತಿದೆ, ಅಲ್ಲವೆ? ಮಣಿಕಟ್ಟಿನ ನಾಡಿಯನ್ನು ಎಲ್ಲರೂ ಬಲ್ಲರು. ದವಡೆಯ ಈ ನಾಡಿಯನ್ನು ಬಲ್ಲವರು ಕಡಿಮೆ. ಇದು ಮುಖದ ಧಮನಿ. ಕತ್ತಿನಲ್ಲಿ ಏರಿ ಬರುವ ದೊಡ್ಡ ರಕ್ತನಾಳದಿಂದ ಕವಲೊಡೆದು, ದವಡೆಯ ಮೂಳೆಯನ್ನು ದಾಟಿ, ತುಟಿಯ ಕೊನೆಯ ಪಕ್ಕದಿಂದ ಮೂಗಿನ ಬದಿಗೆ, ಅಲ್ಲಿಂದ ಕಣ್ಣಿನ ಒಳಮೂಲೆಯವರೆಗೆ ಅದು ಹರಿಯುತ್ತದೆ. ದಾರಿಯುದ್ದಕ್ಕೂ ಹಾವಿನಂತೆ ಅಂಕುಡೊಂಕು. ನಾವು ನಗುವಾಗ, ಆಕಳಿಸುವಾಗ, ಅಗಿಯುವಾಗ ಕೆನ್ನೆ ಹಿಗ್ಗುತ್ತದೆ. ನಾಳ ನೇರವಾಗಿದ್ದರೆ ಅದು ಎಳೆದಂತಾಗುತ್ತಿತ್ತು. ಆ ಡೊಂಕುಗಳು ಸೃಷ್ಟಿಯು ಮುಂದಾಲೋಚನೆಯಿಂದ ಇಟ್ಟ ಮಡಿಕೆಗಳಂತಿವೆ.

ಮೂಳೆಯ ಮೇಲೆಯೇ ಹಾಯುವುದರಿಂದ ಈ ಧಮನಿಯನ್ನು ಮುಟ್ಟಿ ನೋಡುವುದು ಸುಲಭ. ಅದಕ್ಕೆ ಪೆಟ್ಟು ಬೀಳುವುದೂ ಅಷ್ಟೇ ಸುಲಭ. ಚೆಂಡು ಬಡಿಯಬಹುದು, ದನ ಹಾಯಬಹುದು, ವಾಹನದಿಂದ ಬಿದ್ದು ಕೆನ್ನೆ ಕಲ್ಲಿಗೆ ತಗುಲಬಹುದು, ಗಾಜಿನ ಚೂರು ನಾಟಬಹುದು, ದವಡೆಯ ಮೂಳೆ ಮುರಿದು ಅದರ ಚೂಪು ಅಂಚೇ ನಾಳವನ್ನು ಸೀಳಬಹುದು. ಬಹುಪಾಲು ಪೆಟ್ಟುಗಳು ಬಾತು, ನೀಲಿಗಟ್ಟಿ, ವಾರದಲ್ಲಿ ಇಳಿದುಹೋಗುತ್ತವೆ. ಅಪರೂಪಕ್ಕೆ ಒಂದು ಹಾಗೆ ಇಳಿಯುವುದಿಲ್ಲ. ಗಾಯ ಮಾಯ್ದು ಮನೆಯವರು ಮರೆತಿರುವಾಗ, ಕೆಲವು ದಿನಗಳ ಇಲ್ಲವೆ ಕೆಲವು ವಾರಗಳ ಅನಂತರ, ಅದೇ ಸ್ಥಳದಲ್ಲಿ ಒಂದು ಗಂಟು ಕಾಣಿಸಿಕೊಳ್ಳುತ್ತದೆ. ಮೆತ್ತಗಿರುತ್ತದೆ, ಮೆಲ್ಲನೆ ಬೆಳೆಯುತ್ತದೆ. ಕೀವು ತುಂಬಿದ ಕುರುವಿನಂತೆಯೇ ತೋರುತ್ತದೆ. ಆದರೆ ಅದರ ಮೇಲೆ ಬೆರಳಿಟ್ಟರೆ, ಎದೆಯ ಬಡಿತದೊಡನೆ ಹೆಜ್ಜೆ ಹಾಕುತ್ತ ಅದು ಮಿಡಿಯುತ್ತದೆ. ಕುರು ಎಂದು ಬಗೆದು ಅದಕ್ಕೆ ಕತ್ತಿ ತಾಗಿಸಿದರೆ ಹೊರಬರುವುದು ಕೀವಲ್ಲ; ಚಿಮ್ಮುವ ಕೆಂಪು ರಕ್ತ.

ಈ ಗಂಟಿನ ಕಥೆಯನ್ನು ಇಂದು ನಿಮಗೆ ಹೇಳಬೇಕೆಂದಿದ್ದೇನೆ. ಅದು ಬರಿಯ ವೈದ್ಯರ ಕಥೆಯಲ್ಲ. ಸುಮಾರು ಎರಡು ಸಾವಿರ ವರ್ಷಗಳ ಕಾಲ ಮನುಷ್ಯನು ತನ್ನದೇ ರಕ್ತದ ದಾರಿಯನ್ನು ಹುಡುಕುತ್ತ ಎಡವಿದ, ತಿದ್ದಿಕೊಂಡ ಕಥೆ.

ಮೊದಲು ಅದರ ಸ್ವರೂಪವನ್ನು ಅರಿತುಕೊಳ್ಳೋಣ. ಧಮನಿಯ ಗೋಡೆಗೆ ಮೂರು ಪದರಗಳುಂಟು. ವಯಸ್ಸಿನಿಂದಲೋ ರೋಗದಿಂದಲೋ ಮೂರೂ ಸಡಿಲವಾಗಿ ನಾಳವೇ ಬುಗ್ಗೆಯಂತೆ ಉಬ್ಬಿದರೆ, ಅದನ್ನು ವೈದ್ಯರು ನಿಜವಾದ ಅನ್ಯೂರಿಸಂ ಎನ್ನುತ್ತಾರೆ. ನಾವು ಹೇಳುತ್ತಿರುವುದು ಹಾಗಲ್ಲ. ಪೆಟ್ಟಿನಿಂದ ಧಮನಿಯ ಗೋಡೆಯಲ್ಲಿ ಒಂದು ಸಣ್ಣ ತೂತು ಬೀಳುತ್ತದೆ. ರಕ್ತವು ಹೊರಗೆ ಒಸರಿ ಸುತ್ತಲಿನ ಮಾಂಸದ ನಡುವೆ ಹೆಪ್ಪುಗಟ್ಟುತ್ತದೆ. ಹೆಪ್ಪಿನ ಹೊರಭಾಗ ಗಟ್ಟಿಯಾಗಿ ಒಂದು ಚೀಲದಂತಾಗುತ್ತದೆ. ಆದರೆ ಒಳಗೆ ತೂತು ಮುಚ್ಚಿಕೊಂಡಿರುವುದಿಲ್ಲ. ಒಂದೊಂದು ಬಡಿತಕ್ಕೂ ರಕ್ತ ಆ ಚೀಲದೊಳಕ್ಕೆ ನುಗ್ಗುತ್ತದೆ, ಹಿಂದಕ್ಕೆ ಬರುತ್ತದೆ. ಚೀಲದ ಗೋಡೆ ನಾಳದ ಗೋಡೆಯಲ್ಲ. ಹೆಪ್ಪು ಮತ್ತು ನಾರುಗಳಿಂದಾದ ತಾತ್ಕಾಲಿಕ ಬೇಲಿ. ಆದ್ದರಿಂದಲೇ ಇದಕ್ಕೆ ಹುಸಿ ಅನ್ಯೂರಿಸಂ ಎಂದು ಹೆಸರು. ಕೆರೆಯ ಏರಿಯಲ್ಲಿ ಬಿರುಕುಬಿಟ್ಟು ನೀರು ಹೊರಗೆ ನಿಂತು, ಅದರ ಸುತ್ತ ರೈತರು ಅವಸರದಲ್ಲಿ ಮಣ್ಣು ಒಟ್ಟಿದಂತೆ ಎಂದು ಭಾವಿಸಿರಿ. ಹೊರಗಿನ ಮಣ್ಣು ಎಷ್ಟು ದಿನ ತಡೆದೀತು? ಹೆಸರು ಹುಸಿಯಾದರೂ ಅಪಾಯ ಹುಸಿಯಲ್ಲ.

ಇದನ್ನು ಮೊದಲು ಬೇರ್ಪಡಿಸಿ ತೋರಿಸಿದವರಲ್ಲಿ ಆಂಟಿಲ್ಲಸ್ ಎಂಬ ಗ್ರೀಕ್ ಶಸ್ತ್ರವೈದ್ಯನ ಹೆಸರು ಮುಖ್ಯವಾದುದು. ಕ್ರಿಸ್ತಶಕ ಎರಡನೆಯ ಮೂರನೆಯ ಶತಮಾನಗಳ ಕಾಲದವನು. ಅವನ ಗ್ರಂಥಗಳು ನಮಗೆ ಉಳಿದಿಲ್ಲ. ನಾಲ್ಕನೆಯ ಶತಮಾನದ ಒರಿಬೇಸಿಯಸ್ ಎಂಬ ವೈದ್ಯನು ಸಂಗ್ರಹಿಸಿಟ್ಟ ಭಾಗಗಳಿಂದ ಅವನನ್ನು ಅರಿಯಬೇಕು. ತಾನಾಗಿ ಹಿಗ್ಗಿದ ಉಬ್ಬು ಬೇರೆ, ಗಾಯದಿಂದಾದ ಉಬ್ಬು ಬೇರೆ ಎಂದು ಅವನು ಹೇಳಿದ. ಉಬ್ಬಿನ ಮೇಲೂ ಕೆಳಗೂ ಧಮನಿಯನ್ನು ದಾರದಿಂದ ಬಿಗಿದು ಕಟ್ಟಿ, ನಡುವಿನ ಚೀಲವನ್ನು ಕೊಯ್ದು ಹೆಪ್ಪನ್ನು ಹೊರತೆಗೆಯುವ ವಿಧಾನವನ್ನೂ ಕಲಿಸಿದ. ಎಲ್ಲವನ್ನೂ ಕತ್ತಿಯಿಂದ ಗೆಲ್ಲಬಲ್ಲೆನೆಂಬ ಹಮ್ಮು ಅವನಿಗಿರಲಿಲ್ಲ. ಕತ್ತು, ಕಂಕುಳು, ತೊಡೆಸಂದುಗಳಲ್ಲಿನ ದೊಡ್ಡ ಉಬ್ಬುಗಳಿಗೆ ಕೈಹಾಕಬಾರದೆಂದು ಎಚ್ಚರಿಸಿದ. ಅರಿವಳಿಕೆಯಿಲ್ಲದ, ರಕ್ತ ತುಂಬುವ ಸೌಲಭ್ಯವಿಲ್ಲದ ಕಾಲದಲ್ಲಿ ಆ ಎಚ್ಚರಿಕೆಯೇ ದೊಡ್ಡ ವಿವೇಕ.

ನಮ್ಮ ಸುಶ್ರುತಸಂಹಿತೆಯಲ್ಲಿಯೂ ಇಂತಹುದೇ ವಿವೇಕವನ್ನು ಕಾಣುತ್ತೇವೆ. ಅದರ ನಿದಾನಸ್ಥಾನದಲ್ಲಿ ಗ್ರಂಥಿಗಳನ್ನು ಐದು ಬಗೆಯಾಗಿ ವಿಂಗಡಿಸಿ, ಸಿರೆಗಳಿಂದ ಹುಟ್ಟುವ ಗ್ರಂಥಿಯನ್ನು ಬೇರೆಯಾಗಿ ಹೇಳಿದೆ. ಅದು ಮರ್ಮಸ್ಥಾನದಲ್ಲಿದ್ದರೆ ಚಿಕಿತ್ಸೆಗೆ ಕೈಹಾಕಬಾರದೆಂದೂ ತಿಳಿಸಿದೆ. ಇನ್ನು ಸೂತ್ರಸ್ಥಾನದಲ್ಲಿ ಹರಿಯುವ ರಕ್ತವನ್ನು ನಿಲ್ಲಿಸಲು ನಾಲ್ಕು ಉಪಾಯಗಳುಂಟು: ಸಂಧಾನ, ಎಂದರೆ ಗಾಯದ ಅಂಚುಗಳನ್ನು ಕೂಡಿಸುವುದು, ಸ್ಕಂದನ, ಎಂದರೆ ಹೆಪ್ಪುಗಟ್ಟಿಸುವುದು, ಪಾಚನ, ಎಂದರೆ ಭಸ್ಮ ಮುಂತಾದವುಗಳಿಂದ ಒಣಗಿಸುವುದು, ದಹನ, ಎಂದರೆ ಸುಡುವುದು. ಈ ನಾಲ್ಕು ಮಾತುಗಳನ್ನು ನೆನಪಿನಲ್ಲಿಡಿರಿ. ಕಥೆಯ ಕೊನೆಯಲ್ಲಿ ಇವುಗಳಲ್ಲಿ ಎರಡು ಬೇರೆ ವೇಷದಲ್ಲಿ ಮತ್ತೆ ಬರಲಿವೆ.

ಯುರೋಪಿನಲ್ಲಿ ಈ ಹುಸಿಗಂಟು ಬಹುಕಾಲ ಬೆಳೆದದ್ದು ಯುದ್ಧದ ಕತ್ತಿಗಿಂತ ಹೆಚ್ಚಾಗಿ ವೈದ್ಯನ ಕತ್ತಿಯಿಂದ. ಮೈಯಲ್ಲಿ ಕೆಟ್ಟ ರಕ್ತ ಹೆಚ್ಚಾದುದೇ ರೋಗಕ್ಕೆ ಮೂಲವೆಂದು ನಂಬಿದ್ದ ದಿನಗಳು ಅವು. ಜ್ವರವೇ, ತಲೆನೋವೇ, ಉಬ್ಬಸವೇ, ಮೊಣಕೈಯ ಒಳಮಡಿಕೆಯಲ್ಲಿ ಸಿರೆಯನ್ನು ಚುಚ್ಚಿ ಬಟ್ಟಲಿಗೆ ರಕ್ತ ಇಳಿಸುತ್ತಿದ್ದರು. ಆ ಕೆಲಸವನ್ನು ಬಹುವೇಳೆ ಕ್ಷೌರಿಕನೇ ಮಾಡುತ್ತಿದ್ದ. ಆ ಮಡಿಕೆಯಲ್ಲಿ ಸಿರೆಯ ಕೆಳಗೇ ಧಮನಿಯಿದೆ. ಕೈ ಒಂದು ನೂಲಿನಷ್ಟು ಆಳಕ್ಕೆ ಜಾರಿದರೂ ಅದಕ್ಕೆ ತೂತು. ಕೆಲವು ವಾರಗಳಲ್ಲಿ ಮೊಣಕೈಯಲ್ಲಿ ಮಿಡಿಯುವ ಗಂಟು. ತಲೆನೋವಿಗೆಂದು ಹಣೆಪಕ್ಕದ ಧಮನಿಯನ್ನೇ ಕೊಯ್ದು ರಕ್ತ ತೆಗೆಯುವ ಪದ್ಧತಿಯೂ ಇದ್ದಿತು. ಅಲ್ಲಿಯೂ ಇದೇ ಫಲ. ಹದಿನಾರನೆಯ ಶತಮಾನದ ಫ್ರಾನ್ಸಿನ ಹೆಸರಾಂತ ಶಸ್ತ್ರವೈದ್ಯ ಆಂಬ್ರ್ವಾಸ್ ಪಾರೆ ಕ್ಷೌರಿಕ ವೃತ್ತಿಯಿಂದಲೇ ಮೇಲೆ ಬಂದವನು. ಇಂತಹ ಉಬ್ಬುಗಳು ತೀರ ಸಣ್ಣವಾಗಿದ್ದ ಹೊರತು ಅವನ್ನು ಕೊಯ್ಯಬೇಡಿರೆಂದು ಎಳೆಯ ವೈದ್ಯರಿಗೆ ಅವನು ಬುದ್ಧಿ ಹೇಳಿದ. ಕುರುವೆಂದು ತಪ್ಪಾಗಿ ಕೊಯ್ದು ರೋಗಿ ಕೈಯಲ್ಲೇ ಸಾಯುವ ಪ್ರಸಂಗಗಳು ಇದ್ದುದರಿಂದಲೇ ಆ ಬುದ್ಧಿಮಾತು ಬೇಕಾಯಿತು.

ರಕ್ತವು ಮೈಯಲ್ಲಿ ಸುತ್ತುತ್ತದೆಂಬುದೇ ಆಗ ಯಾರಿಗೂ ಖಚಿತವಾಗಿ ಗೊತ್ತಿರಲಿಲ್ಲವೆಂಬುದನ್ನು ಮರೆಯಬಾರದು. ೧೬೨೮ರಲ್ಲಿ ಇಂಗ್ಲೆಂಡಿನ ವಿಲಿಯಂ ಹಾರ್ವೆ, ಹೃದಯವು ರಕ್ತವನ್ನು ಧಮನಿಗಳಿಗೆ ನೂಕುತ್ತದೆ, ಅದು ಸಿರೆಗಳ ಮೂಲಕ ಹಿಂದಿರುಗುತ್ತದೆ ಎಂದು ಸಾಧಿಸಿ ತೋರಿಸಿದ ಮೇಲೆ ಗಂಟು ಏಕೆ ಮಿಡಿಯುತ್ತದೆಂಬುದಕ್ಕೆ ಅರ್ಥ ಬಂದಿತು. ೧೭೫೭ರಲ್ಲಿ ಲಂಡನ್ನಿನ ವಿಲಿಯಂ ಹಂಟರ್ ಇನ್ನೊಂದು ಹೆಜ್ಜೆ ಮುಂದೆ ಹೋದ. ರಕ್ತ ಇಳಿಸುವಾಗ ಸಿರೆ ಧಮನಿಗಳೆರಡಕ್ಕೂ ಚುಚ್ಚು ತಗಲಿ ಎರಡೂ ಒಂದಕ್ಕೊಂದು ಕೂಡಿಕೊಂಡರೆ ಏನಾಗುವುದೆಂದು ವಿವರಿಸಿದ: ಕೈಯಿಟ್ಟರೆ ಒಂದು ಕಂಪನ, ಕಿವಿಯಿಟ್ಟರೆ ಒಂದು ಸುಯ್ಯೆನ್ನುವ ಸದ್ದು. ಕೊಯ್ಯುವ ಮುನ್ನ ಮುಟ್ಟು, ಆಲಿಸು ಎಂಬ ಪಾಠ ಅಲ್ಲಿಂದ ಬಲವಾಯಿತು.

ಎರಡು ವರ್ಷಗಳ ಮೇಲೆ, ೧೭೫೯ರ ಜೂನ್ ತಿಂಗಳಲ್ಲಿ, ಒಂದು ಸಣ್ಣ ಅದ್ಭುತ ನಡೆಯಿತು. ಇಂಗ್ಲೆಂಡಿನ ಉತ್ತರಭಾಗದಲ್ಲಿ ಹ್ಯಾಲೊವೆಲ್ ಎಂಬ ಶಸ್ತ್ರವೈದ್ಯ, ನ್ಯೂಕ್ಯಾಸಲ್ಲಿನ ಲ್ಯಾಂಬರ್ಟ್ ಎಂಬ ವೈದ್ಯನ ಸಲಹೆಯಂತೆ, ರಕ್ತ ಇಳಿಸುವಾಗ ತೂತಾಗಿದ್ದ ತೋಳಿನ ಧಮನಿಯನ್ನು ಕಟ್ಟಿಹಾಕಲಿಲ್ಲ. ತೂತಿನ ಅಂಚುಗಳಿಗೆ ಒಂದು ಸಣ್ಣ ಪಿನ್ನನ್ನು ಚುಚ್ಚಿ, ಅದರ ಸುತ್ತ ದಾರವನ್ನು ಸುತ್ತಿ ಮುಚ್ಚಿದ. ಗಾಯ ಕೂಡಿತು, ಮಣಿಕಟ್ಟಿನ ನಾಡಿಯೂ ಉಳಿಯಿತು. ಆದರೆ ಮುಂದೆ ಬೇರೊಬ್ಬರು ಪ್ರಾಣಿಗಳ ಮೇಲೆ ಇದನ್ನು ಪರೀಕ್ಷಿಸಿದಾಗ ಕೈಗೂಡಲಿಲ್ಲ. ಧಮನಿಗೆ ಹೊಲಿಗೆ ಸಲ್ಲದೆಂದು ವೈದ್ಯಲೋಕ ತೀರ್ಮಾನಿಸಿತು. ಒಳ್ಳೆಯದೊಂದು ಬೀಜ ನೂರು ವರ್ಷಗಳಿಗೂ ಹೆಚ್ಚು ಕಾಲ ಮಣ್ಣಿನಲ್ಲಿ ಮಲಗಿತು.

ವಿಲಿಯಮ್ಮನ ತಮ್ಮ ಜಾನ್ ಹಂಟರ್ ಬೇರೊಂದು ದಾರಿಯನ್ನು ಹಿಡಿದ. ೧೭೮೫ರ ಡಿಸೆಂಬರಿನಲ್ಲಿ ಲಂಡನ್ನಿನ ಸೇಂಟ್ ಜಾರ್ಜ್ ಆಸ್ಪತ್ರೆಗೆ ಒಬ್ಬ ಗಾಡಿ ಹೊಡೆಯುವವನು ಬಂದ. ಮೊಣಕಾಲಿನ ಹಿಂದೆ ದೊಡ್ಡ ಅನ್ಯೂರಿಸಂ. ಅಂದಿನ ವಾಡಿಕೆಯಂತಾದರೆ ಕಾಲನ್ನೇ ಕತ್ತರಿಸಬಹುದಾಗಿತ್ತು. ಹಂಟರನು ಉಬ್ಬನ್ನು ಮುಟ್ಟಲೇ ಇಲ್ಲ. ಅದಕ್ಕಿಂತ ಮೇಲೆ, ತೊಡೆಯ ಒಳಭಾಗದಲ್ಲಿ, ಧಮನಿಯು ಆರೋಗ್ಯವಾಗಿದ್ದ ಕಡೆ ಕಟ್ಟಿದ. ರಕ್ತವು ಅಕ್ಕಪಕ್ಕದ ಸಣ್ಣ ನಾಳಗಳ ಮೂಲಕ ಸುತ್ತುಬಳಸಿ ಕಾಲಿಗೆ ತಲುಪೀತೆಂಬ ನಂಬಿಕೆ ಅವನದು. ಹಾಗೆಯೇ ಆಯಿತು. ಕೆಲವು ವಾರಗಳಲ್ಲಿ ಆ ಮನುಷ್ಯ ತನ್ನ ಕಾಲಿನ ಮೇಲೆಯೇ ನಡೆದು ಮನೆಗೆ ಹೋದ. ೧೭೮೭ರಲ್ಲಿ ಅವನು ಜ್ವರದಿಂದ ತೀರಿಕೊಂಡಾಗ ಆ ಕಾಲನ್ನು ಪರೀಕ್ಷಿಸಿ ಇರಿಸಿಕೊಂಡರು. ಲಂಡನ್ನಿನ ಹಂಟರ್ ಸಂಗ್ರಹದಲ್ಲಿ ಅದು ಇಂದಿಗೂ ಇದೆ.

ಕಾಲಿಗೆ ವರವಾದ ಈ ಉಪಾಯ ಮುಖಕ್ಕೆ ಸಾಲದೆ ಹೋಯಿತು. ಏಕೆಂದರೆ ಮುಖದಲ್ಲಿ ಸುತ್ತುದಾರಿಗಳು ಅತಿಯಾಗಿವೆ. ಬಲಗೆನ್ನೆಯ ಧಮನಿಯ ಕವಲುಗಳು ತುಟಿಯಲ್ಲಿ ಎಡಗೆನ್ನೆಯವುಗಳೊಡನೆ ಕೂಡುತ್ತವೆ. ಕಣ್ಣಿನ ಮೂಲೆಯಲ್ಲಿ ತಲೆಯೊಳಗಿನಿಂದ ಬರುವ ನಾಳದ ಕವಲುಗಳೊಡನೆ ಕೂಡುತ್ತವೆ. ಒಂದು ಬಾಗಿಲನ್ನು ಮುಚ್ಚಿದರೆ ಇನ್ನೊಂದರಿಂದ ರಕ್ತ ಒಳಗೆ ಬರುತ್ತದೆ. ಈ ಸಮೃದ್ಧಿ ಒಂದು ದೊಡ್ಡ ಭಾಗ್ಯವೂ ಹೌದು. ಮುಖದ ಗಾಯ ಬೇಗ ಮಾಯುವುದು ಅದರಿಂದಲೇ.

ಇದಕ್ಕೆ ನಮ್ಮ ನಾಡಿನ ಚರಿತ್ರೆಗೂ ಸಂಬಂಧಪಟ್ಟ ಒಂದು ನಿದರ್ಶನವುಂಟು. ಟಿಪ್ಪು ಸುಲ್ತಾನನೊಡನೆ ೧೭೯೨ರಲ್ಲಿ ಮುಗಿದ ಯುದ್ಧದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸ್‌ಜಿ ಎಂಬವನು ಸೆರೆಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಅನಂತರ ಪುಣೆಯ ಬಳಿ ಒಬ್ಬ ದೇಶೀಯ ಕುಶಲಿ ಅವನ ಹಣೆಯ ಚರ್ಮವನ್ನು ಬುಡ ಕಡಿಯದಂತೆ ಬಿಡಿಸಿ, ಕೆಳಕ್ಕೆ ತಿರುಗಿಸಿ, ಹೊಸ ಮೂಗನ್ನು ಕಟ್ಟಿದ. ೧೭೯೪ರ ಅಕ್ಟೋಬರಿನಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಝೀನ್’ ಪತ್ರಿಕೆಯು ಅದನ್ನು ಚಿತ್ರಸಹಿತ ಪ್ರಕಟಿಸಿತು. ಆ ಚರ್ಮ ಸಾಯದೆ ಉಳಿದದ್ದು ಬುಡದಲ್ಲಿದ್ದ ರಕ್ತನಾಳಗಳ ಬಲದಿಂದ. ಮುಖದ ರಕ್ತದ ಐಶ್ವರ್ಯ ಮೂಗನ್ನು ಮರಳಿ ಕೊಡಬಲ್ಲದು. ಅದೇ ಐಶ್ವರ್ಯ ತೂತಾದ ಧಮನಿಯನ್ನು ಮುಚ್ಚುವವನಿಗೆ ಸವಾಲೂ ಆಗಬಲ್ಲದು.

ಕೆನ್ನೆ ಕತ್ತುಗಳ ರಕ್ತಸ್ರಾವಕ್ಕೆ ಆಗ ಉಳಿದ ಕೊನೆಯ ಉಪಾಯವೆಂದರೆ ಕತ್ತಿನ ದೊಡ್ಡ ಧಮನಿಯನ್ನೇ ಕಟ್ಟುವುದು. ಮೆದುಳಿಗೂ ಅದೇ ರಕ್ತ ಕೊಡುವುದಾದ್ದರಿಂದ ಇದು ಎದೆ ನಡುಗಿಸುವ ಸಾಹಸ. ಲಂಡನ್ನಿನ ಅಬರ್ನೆತಿ, ಹಸುವಿನ ಕೊಂಬು ತಿವಿದು ಕತ್ತು ಹರಿದಿದ್ದ ಒಬ್ಬನಿಗೆ ಇದನ್ನು ಮಾಡಿದ, ರೋಗಿ ಉಳಿಯಲಿಲ್ಲ. ೧೮೦೩ರಲ್ಲಿ ‘ಟೊನ್ನಾಂಟ್’ ಎಂಬ ಯುದ್ಧನೌಕೆಯ ಮೇಲೆ ಡೇವಿಡ್ ಫ್ಲೆಮಿಂಗ್ ಎಂಬ ವೈದ್ಯನಿದ್ದ. ಕತ್ತು ಕೊಯ್ದುಕೊಂಡಿದ್ದ ಒಬ್ಬ ಸೇವಕನ ಗಾಯ ಮಾಯುತ್ತಿರುವಂತೆ ತೋರುತ್ತಿದ್ದಾಗ, ಕೆಲವು ದಿನಗಳ ಮೇಲೆ, ಧಮನಿ ಇದ್ದಕ್ಕಿದ್ದಂತೆ ಒಡೆಯಿತು. ಕಡಲಿನ ನಡುವೆ ಕೇಳಿಕೊಳ್ಳಲು ಬೇರೊಬ್ಬ ವೈದ್ಯನಿಲ್ಲ. ಫ್ಲೆಮಿಂಗನು ಕತ್ತಿನ ಧಮನಿಯನ್ನು ಹುಡುಕಿ ಕಟ್ಟಿದ. ಆ ಮನುಷ್ಯ ಬದುಕಿದ. ಅನಂತರ ಆಸ್ಟ್ಲಿ ಕೂಪರ್ ಕತ್ತಿನ ಅನ್ಯೂರಿಸಂಗಾಗಿ ೧೮೦೫ರಲ್ಲಿ ಇದನ್ನೇ ಮಾಡಿ ಸೋತು, ೧೮೦೮ರಲ್ಲಿ ಮತ್ತೆ ಮಾಡಿ ಗೆದ್ದ. ಆ ಎರಡನೆಯ ರೋಗಿ ೧೮೨೧ರವರೆಗೆ ಬಾಳಿದ. ಸೋತಲ್ಲಿ ಕೈಚೆಲ್ಲದೆ, ಏಕೆ ಸೋತೆನೆಂದು ಕೇಳಿಕೊಂಡವರಿಂದಲೇ ಈ ವಿದ್ಯೆ ಬೆಳೆದಿದೆ.

ಫ್ಲೆಮಿಂಗನ ರೋಗಿಯಲ್ಲಿ ನಮಗೊಂದು ಪಾಠವಿದೆ. ಪೆಟ್ಟಾದ ಧಮನಿ ಅಂದೇ ಒಡೆಯಬೇಕೆಂದಿಲ್ಲ. ದಿನಗಳು ಕಳೆದ ಮೇಲೆ, ಎಲ್ಲರೂ ನಿಶ್ಚಿಂತರಾಗಿರುವಾಗ ಒಡೆಯಬಹುದು.

ಇನ್ನು ಗಂಟಿನ ಮಾತನ್ನು ಆಲಿಸುವ ವಿದ್ಯೆ. ೧೮೧೬ರಲ್ಲಿ ಪ್ಯಾರಿಸ್ಸಿನ ಲೆನೆಕ್ ಕಾಗದವನ್ನು ಕೊಳವೆಯಾಗಿ ಸುತ್ತಿ ರೋಗಿಯ ಎದೆಗೆ ಇಟ್ಟು ಕೇಳಿದ. ಅದರಿಂದ ಸ್ಟೆತಾಸ್ಕೋಪು ಹುಟ್ಟಿತು. ಕೀವಿನ ಕುರು ಮೂಕ, ಹುಸಿಗಂಟು ಮಾತಾಡುತ್ತದೆ. ಪ್ರತಿ ಬಡಿತಕ್ಕೂ ರಕ್ತವು ಇಕ್ಕಟ್ಟಾದ ತೂತಿನಲ್ಲಿ ನುಗ್ಗುವಾಗ ಒಂದು ಊದಿದಂತಹ ಸದ್ದು. ಬೆರಳಿಗಾದರೋ ಬೆಕ್ಕು ಗುರುಗುಟ್ಟಿದಂತಹ ಕಂಪನ. ದವಡೆಯ ಅಂಚಿನಲ್ಲಿ ಧಮನಿಯನ್ನು ಮೂಳೆಗೆ ಒತ್ತಿ ಹಿಡಿದರೆ ಮಿಡಿತ ತಗ್ಗುತ್ತದೆ, ಬಿಟ್ಟರೆ ಮರಳುತ್ತದೆ. ಯಂತ್ರವಿಲ್ಲದೆ, ವೆಚ್ಚವಿಲ್ಲದೆ ಮಾಡಬಹುದಾದ ಈ ಪರೀಕ್ಷೆಯನ್ನು ಬಲ್ಲ ವೈದ್ಯನು ಕತ್ತಿಯನ್ನು ಕೆಳಗಿಡುತ್ತಾನೆ. ಆದರೂ ಎಚ್ಚರಿಕೆ ಬೇಕು: ಚೀಲದಲ್ಲಿ ಹೆಪ್ಪು ದಟ್ಟವಾಗಿದ್ದರೆ ಮಿಡಿತ ಅಡಗಿರಬಹುದು. ಆಗ ಅದು ಕುರುವಿನಂತೆ, ಜೊಲ್ಲುಗ್ರಂಥಿಯ ಗಂಟಿನಂತೆ, ಹಲ್ಲಿನ ಬೇರಿನ ಬಾವಿನಂತೆ ಕಣ್ಣು ಕಟ್ಟುತ್ತದೆ.

ಗಾಯದಿಂದಾದ ಗಂಟಿನ ಚಿಕಿತ್ಸೆಯಲ್ಲಿ ಹೊಸ ಯುಗವನ್ನು ತೆರೆದವನು ಅಮೆರಿಕದ ನ್ಯೂ ಆರ್ಲಿಯನ್ಸಿನ ರುಡಾಲ್ಫ್ ಮಟಾಸ್. ೧೮೮೮ರ ಮಾರ್ಚಿ ತಿಂಗಳು. ತೋಟದ ಕೆಲಸದ ಒಬ್ಬ ತರುಣ ತೋಳಿಗೆ ಗುಂಡೇಟು ತಗಲಿ, ಮಿಡಿಯುವ ಗಂಟಿನೊಡನೆ ಬಂದಿದ್ದ. ಮಟಾಸನು ಹಂಟರನ ದಾರಿಯಂತೆ ಮೇಲ್ಗಡೆ ಧಮನಿಯನ್ನು ಕಟ್ಟಿದ. ಮಿಡಿತ ನಿಂತಿತು, ಕೆಲವು ದಿನಗಳಲ್ಲಿ ಮರಳಿ ಬಂದಿತು. ಕೆಳಗಡೆಯೂ ಕಟ್ಟಿದ; ಆದರೂ ನಿಲ್ಲಲಿಲ್ಲ. ಆಗ ಚೀಲವನ್ನೇ ತೆರೆದು ಒಳಗೆ ನೋಡಿದ. ಪಕ್ಕದ ಸಣ್ಣ ನಾಳಗಳ ಬಾಯಿಗಳು ಚೀಲದೊಳಕ್ಕೆ ತೆರೆದು ರಕ್ತ ಸುರಿಸುತ್ತಿದ್ದುವು. ಆ ಬಾಯಿಗಳನ್ನು ಒಂದೊಂದಾಗಿ ಒಳಗಿನಿಂದಲೇ ಹೊಲಿದು ಮುಚ್ಚಿದ. ರೋಗಿ ಗುಣಹೊಂದಿದ. ಹ್ಯಾಲೊವೆಲ್ ಬಿತ್ತಿದ್ದ ಬೀಜಕ್ಕೆ ಕೊನೆಗೂ ಮಳೆ ಬಿದ್ದಂತಾಯಿತು. ಹತ್ತಿರದ ದಾರಿಗಳೆಲ್ಲವನ್ನೂ ಮುಚ್ಚಬೇಕೆಂಬ ಆ ಪಾಠ, ಸುತ್ತುದಾರಿಗಳೇ ತುಂಬಿದ ಮುಖಕ್ಕೆ ಇನ್ನೂ ಹೆಚ್ಚಾಗಿ ಸಲ್ಲುತ್ತದೆ.

೧೮೯೪ರಲ್ಲಿ ಫ್ರಾನ್ಸಿನ ರಾಷ್ಟ್ರಾಧ್ಯಕ್ಷ ಸಾದಿ ಕಾರ್ನೋ ಲಿಯೋನ್ ನಗರದಲ್ಲಿ ಇರಿತಕ್ಕೆ ಸಿಕ್ಕಿ, ಹೊಟ್ಟೆಯೊಳಗಿನ ರಕ್ತನಾಳ ಹರಿದು ಮಡಿದ. ಆ ನಗರದಲ್ಲಿ ವೈದ್ಯವಿದ್ಯೆ ಕಲಿಯುತ್ತಿದ್ದ ಅಲೆಕ್ಸಿ ಕ್ಯಾರೆಲ್ ರಕ್ತನಾಳವನ್ನು ಹೊಲಿಯುವ ಕಲೆಯ ಹಿಂದೆ ಬಿದ್ದ. ೧೯೦೨ರಲ್ಲಿ ತನ್ನ ವಿಧಾನವನ್ನು ಪ್ರಕಟಿಸಿದ. ೧೯೧೨ರಲ್ಲಿ ನೊಬೆಲ್ ಪಾರಿತೋಷಕ ಪಡೆದ. ಕಟ್ಟಿಹಾಕುವುದಷ್ಟೇ ಗೊತ್ತಿದ್ದ ಕೈಗಳಿಗೆ ಕೂಡಿಸುವುದೂ ಬಂದಿತು.

ಆದರೆ ತೂತು ಎಲ್ಲಿದೆ, ಎಷ್ಟು ದಾರಿಗಳಿವೆ ಎಂಬುದನ್ನು ಕೊಯ್ಯದೆ ಕಾಣುವುದು ಹೇಗೆ? ರೋಂಟ್‌ಜೆನ್ ೧೮೯೫ರ ನವೆಂಬರಿನಲ್ಲಿ ಎಕ್ಸ್‌ರೇಯನ್ನು ಕಂಡುಹಿಡಿದ. ೧೮೯೬ರ ಜನವರಿಯಲ್ಲಿಯೇ ವಿಯೆನ್ನಾದ ಇಬ್ಬರು ಶವದ ಕೈಯ ಧಮನಿಗಳಿಗೆ ಸುಣ್ಣ ಬೆರೆತ ದ್ರವವನ್ನು ತುಂಬಿ ಚಿತ್ರ ತೆಗೆದರು. ಜೀವಂತ ಮನುಷ್ಯನ ಕತ್ತಿನ ಧಮನಿಗೆ ಎಕ್ಸ್‌ರೇಗೆ ಕಾಣುವ ದ್ರವವನ್ನು ಹಾಯಿಸಿ ತಲೆಯ ರಕ್ತನಾಳಗಳ ಚಿತ್ರ ಪಡೆದವನು ಲಿಸ್ಬನ್ನಿನ ಈಗಾಸ್ ಮೊನಿಜ್, ಅದು ೧೯೨೭ರಲ್ಲಿ. ೧೯೫೩ರಲ್ಲಿ ಸ್ವೀಡನ್ನಿನ ಸೆಲ್ಡಿಂಗರ್ ಒಂದು ಸರಳ ಉಪಾಯವನ್ನು ಪ್ರಕಟಿಸಿದ: ಸೂಜಿಯಿಂದ ಧಮನಿಯನ್ನು ಚುಚ್ಚು, ಅದರೊಳಗೆ ತಂತಿಯನ್ನು ತೂರಿಸು, ಸೂಜಿಯನ್ನು ತೆಗೆ, ತಂತಿಯ ಮೇಲೆ ಸಣ್ಣ ನಳಿಕೆಯನ್ನು ಜಾರಿಸು. ತೊಡೆಯಲ್ಲಿ ಹೊಕ್ಕ ನಳಿಕೆ ಕೆನ್ನೆಯವರೆಗೆ ಪ್ರಯಾಣ ಮಾಡುವುದು ಇದರಿಂದ ಸಾಧ್ಯವಾಯಿತು.

ಇನ್ನೊಂದು ಬೆಳಕು ಸದ್ದಿನಿಂದ ಬಂದಿತು. ಹತ್ತಿರ ಬರುವ ರೈಲಿನ ಸಿಳ್ಳು ತೀಕ್ಷ್ಣವಾಗಿಯೂ ದೂರ ಹೋಗುವಾಗ ಮಂದ್ರವಾಗಿಯೂ ಕೇಳುವುದನ್ನು ನೀವು ಬಲ್ಲಿರಿ. ಆ ತತ್ತ್ವವನ್ನು ೧೮೪೨ರಲ್ಲಿ ಡಾಪ್ಲರ್ ಎಂಬ ಆಸ್ಟ್ರಿಯದ ವಿಜ್ಞಾನಿ ಹೇಳಿದ್ದ. ೧೯೫೦ರ ದಶಕದಲ್ಲಿ ಜಪಾನಿನ ಸತೋಮುರ ಅದನ್ನು ರಕ್ತದ ಹರಿವಿಗೆ ಅನ್ವಯಿಸಿದ; ಕಿವಿಗೆ ಕೇಳದ ಅಲೆಗಳನ್ನು ಮೈಯೊಳಗೆ ಕಳುಹಿಸಿ ಮರುದನಿಯನ್ನು ಹಿಡಿದ. ಇಂದು ಊರಿನ ಸ್ಕ್ಯಾನಿಂಗ್ ಕೇಂದ್ರಗಳಲ್ಲಿಯೂ ಡಾಪ್ಲರ್ ಯಂತ್ರ ದೊರೆಯುತ್ತದೆ. ಹತ್ತಿರ ಬರುವ ರಕ್ತ ಒಂದು ಬಣ್ಣ, ದೂರ ಸರಿಯುವ ರಕ್ತ ಇನ್ನೊಂದು ಬಣ್ಣ. ಹುಸಿಗಂಟಿನೊಳಗೆ ರಕ್ತ ಸುಳಿಯಾಗಿ ತಿರುಗುವುದರಿಂದ ಚೀಲದ ಅರ್ಧ ಕೆಂಪಾಗಿಯೂ ಅರ್ಧ ನೀಲಿಯಾಗಿಯೂ ತೋರುತ್ತದೆ. ಕತ್ತಿನ ಬಳಿ ಒಳಹೋಗುವ ಹೊರಬರುವ ಹರಿವು ಎರಡೂ ಕಾಣುತ್ತವೆ. ನೋವಿಲ್ಲ, ಚುಚ್ಚಿಲ್ಲ. ಅದಕ್ಕೂ ಹೆಚ್ಚಿನ ವಿವರ ಬೇಕಾದರೆ, ೧೯೭೧ರಲ್ಲಿ ಹೌನ್ಸ್‌ಫೀಲ್ಡನ ಯಂತ್ರದಿಂದ ಆರಂಭವಾದ ಸಿ. ಟಿ. ಚಿತ್ರಣವುಂಟು, ಸಿರೆಗೆ ದ್ರವ ಕೊಟ್ಟು ತೆಗೆದ ಆ ಚಿತ್ರದಲ್ಲಿ ಧಮನಿ, ತೂತು, ಮುರಿದ ಮೂಳೆ ಎಲ್ಲವೂ ತಿಳಿಯುತ್ತವೆ.

ಚಿಕಿತ್ಸೆಯೂ ಹೀಗೆಯೇ ಹಗುರವಾಗುತ್ತ ಬಂದಿದೆ. ೧೯೭೫ರಲ್ಲಿ ಜಿಯಾಂಟುರ್ಕೊ ಎಂಬವನು ಮತ್ತು ಸಂಗಡಿಗರು ಉಕ್ಕಿನ ಸಣ್ಣ ಸುರುಳಿಗೆ ಉಣ್ಣೆಯ ಎಳೆಗಳನ್ನು ಸೇರಿಸಿ, ನಳಿಕೆಯ ಮೂಲಕ ಧಮನಿಯೊಳಗೆ ಬಿಟ್ಟು, ಅದರ ಸುತ್ತ ರಕ್ತ ಹೆಪ್ಪುಗಟ್ಟುವಂತೆ ಮಾಡಿದರು. ಇಂದಿನ ಸುರುಳಿಗಳು ಹೆಚ್ಚಾಗಿ ಪ್ಲಾಟಿನಮ್ಮಿನವು. ತೂತಿನ ಆಚೆಗೂ ಈಚೆಗೂ ಸುರುಳಿ ಬಿಟ್ಟರೆ ಎರಡೂ ಬಾಗಿಲು ಮುಚ್ಚಿದಂತೆ. ಆಂಟಿಲ್ಲಸ್‌ನ ಎರಡು ಗಂಟುಗಳೇ ಒಳಗಿನಿಂದ ಬಂದಂತೆ! ೧೯೮೬ರಲ್ಲಿ ಕೋಪ್ ಮತ್ತು ಝೈಟ್ ಎಂಬವರು ರಕ್ತವನ್ನು ಹೆಪ್ಪುಗಟ್ಟಿಸುವ ಥ್ರಾಂಬಿನ್ ಎಂಬ ವಸ್ತುವನ್ನು ಸೂಜಿಯಿಂದ ನೇರವಾಗಿ ಚೀಲಕ್ಕೆ ಕೊಟ್ಟರು. ಸುಶ್ರುತಸಂಹಿತೆಯ ಸಂಧಾನ ಸ್ಕಂದನಗಳನ್ನು ನೆನಪಿನಲ್ಲಿಡಿರೆಂದು ಕೇಳಿದ್ದೆನಲ್ಲ. ಹೊಲಿಗೆಯೊಂದು, ಹೆಪ್ಪೊಂದು, ಇವೇ ಅವು.

ಇಲ್ಲಿ ಒಂದು ವಿಚಿತ್ರವನ್ನೂ ಹೇಳಬೇಕು. ನಳಿಕೆ ತೂರಿಸಲು ತೊಡೆಸಂದಿನಲ್ಲಿ ಚುಚ್ಚಿದ ಧಮನಿಯಲ್ಲಿಯೇ ಒಮ್ಮೊಮ್ಮೆ ಹುಸಿಗಂಟು ಬೆಳೆಯುತ್ತದೆ. ಹಳೆಯ ಕ್ಷೌರಿಕನ ತಪ್ಪು ಹೊಸ ಆಸ್ಪತ್ರೆಗೆ ಬಂದಂತಾಯಿತು. ೧೯೯೧ರಲ್ಲಿ ಫೆಲ್‌ಮೆತ್ ಮತ್ತು ಸಂಗಡಿಗರು, ಡಾಪ್ಲರ್ ಯಂತ್ರದಲ್ಲಿ ನೋಡುತ್ತಲೇ ಗಂಟಿನ ಕತ್ತನ್ನು ಒತ್ತಿ ಹಿಡಿದು ಹೆಪ್ಪುಗಟ್ಟಿಸುವ ವಿಧಾನವನ್ನು ಪ್ರಕಟಿಸಿದರು. ಕೆನ್ನೆಯಲ್ಲಿಯೂ ಸಣ್ಣ ಗಂಟಿಗೆ, ಹಿಂದೆ ಮೂಳೆಯ ಆಧಾರವಿರುವ ಕಡೆ, ಈ ಒತ್ತುವಿಕೆ ಕೆಲವೊಮ್ಮೆ ಸಾಕಾಗುತ್ತದೆ. ಇದು ಯಂತ್ರದ ಮುಂದೆ ಬಲ್ಲವರು ಮಾಡಬೇಕಾದ ಕೆಲಸ. ಮನೆಯಲ್ಲಿ ಹಿಸುಕಿ ನೋಡುವುದಲ್ಲ.

ಹಾಗಾದರೆ ಶಸ್ತ್ರಚಿಕಿತ್ಸೆಗೆ ಕೆಲಸವಿಲ್ಲವೆ? ಇದೆ. ಗಂಟು ದೊಡ್ಡದಾಗಿ ಚರ್ಮ ತೆಳುವಾಗಿದ್ದರೆ, ಕೀವು ಸೇರಿದ್ದರೆ, ಒಡೆದು ರಕ್ತ ಹರಿಯುತ್ತಿದ್ದರೆ, ಧಮನಿಯ ಎರಡೂ ತುದಿಗಳನ್ನು ಕಟ್ಟಿ ಚೀಲವನ್ನು ತೆಗೆಯುವುದೇ ನೇರವಾದ ದಾರಿ. ಮುಖದ ಧಮನಿಯನ್ನು ಹೀಗೆ ಕಟ್ಟಿದರೂ ಕೆನ್ನೆಗೆ ರಕ್ತ ಸಾಲದೆ ಹೋಗುವುದಿಲ್ಲ. ಸುತ್ತುದಾರಿಗಳು ಈಗ ನೆರವಿಗೆ ಬರುತ್ತವೆ. ಆದರೆ ದವಡೆಯ ಅಂಚಿನಲ್ಲಿ ಕೆಳತುಟಿಯನ್ನು ಆಡಿಸುವ ನರದ ಎಳೆಯೊಂದು ಧಮನಿಯ ಮೇಲೆಯೇ ಹಾದುಹೋಗುತ್ತದೆ. ಅದು ತುಂಡಾದರೆ ನಗು ಸೊಟ್ಟಗಾಗುತ್ತದೆ. ನಳಿಕೆಯ ಚಿಕಿತ್ಸೆಗೂ ತನ್ನದೇ ಅಪಾಯವುಂಟು: ಹೆಪ್ಪುಗಟ್ಟಿಸುವ ವಸ್ತು ದಾರಿತಪ್ಪಿ ಕಣ್ಣಿನ ನಾಳಕ್ಕೆ ಸೇರಿದರೆ ದೃಷ್ಟಿಯೇ ಹೋಗಬಹುದು. ಯಾವ ದಾರಿ ಯಾರಿಗೆ ಎಂಬುದನ್ನು ಗಂಟಿನ ಗಾತ್ರ, ಸ್ಥಳ, ಆಸ್ಪತ್ರೆಯ ಸೌಲಭ್ಯ ಎಲ್ಲವನ್ನೂ ತೂಗಿ ವೈದ್ಯರು ನಿರ್ಧರಿಸುತ್ತಾರೆ.

ವಾಚಕರೇ, ಇದು ಅಪರೂಪದ ತೊಂದರೆ. ಕೆನ್ನೆ ಊದಿದಾಗಲೆಲ್ಲ ಹೆದರಬೇಕಾಗಿಲ್ಲ. ಆದರೆ ಅಪರೂಪವಾದುದರಿಂದಲೇ ಅದು ಮೋಸಮಾಡುತ್ತದೆ. ಆದ್ದರಿಂದ ಮೂರು ಮಾತುಗಳನ್ನು ಮನೆಯಲ್ಲಿ ಎಲ್ಲರಿಗೂ ತಿಳಿಸಿರಿ. ಮೊದಲನೆಯದು: ಮುಖಕ್ಕೆ ಪೆಟ್ಟು ಬಿದ್ದ ದಿನಗಳ ಅಥವಾ ವಾರಗಳ ಮೇಲೆ ಅಲ್ಲಿ ಗಂಟು ಹುಟ್ಟಿದರೆ, ಆ ಹಳೆಯ ಪೆಟ್ಟನ್ನು ವೈದ್ಯರಿಗೆ ತಪ್ಪದೆ ಹೇಳಿರಿ, ಅವರು ಕೇಳದಿದ್ದರೂ ಹೇಳಿರಿ. ಎರಡನೆಯದು: ಮಿಡಿಯುವ ಗಂಟನ್ನು ಹಿಸುಕಬೇಡಿ, ಕಾಸಬೇಡಿ, ಲೇಪ ಹಚ್ಚಿ ಒಡೆಯಲೆಂದು ಕಾಯಬೇಡಿ, ಯಾರಿಂದಲೂ ಚುಚ್ಚಿಸಬೇಡಿ. ಮೂರನೆಯದು: ಅದು ಒಡೆದು ರಕ್ತ ಚಿಮ್ಮಿದರೆ, ಶುಭ್ರವಾದ ಬಟ್ಟೆಯನ್ನು ಮಡಿಸಿಟ್ಟು ಗಟ್ಟಿಯಾಗಿ ಒತ್ತಿಹಿಡಿಯಿರಿ. ನೋಡಬೇಕೆಂಬ ಆತುರದಿಂದ ಮತ್ತೆ ಮತ್ತೆ ತೆಗೆಯದೆ, ಹಾಗೆ ಒತ್ತಿಕೊಂಡೇ ಆಸ್ಪತ್ರೆಗೆ ಹೋಗಿರಿ.

ಎರಡು ಸಾವಿರ ವರ್ಷಗಳ ವಿದ್ಯೆ ಇಂದು ನಮ್ಮ ಕೈಗೆಟಕುವಷ್ಟು ಹತ್ತಿರದಲ್ಲಿದೆ. ಅದು ಫಲಿಸಬೇಕಾದರೆ ಆರಂಭದಲ್ಲಿ ಯಾರಾದರೊಬ್ಬರು ಆ ಗಂಟಿನ ಮೇಲೆ ಒಂದು ಬೆರಳನ್ನು ಹಗುರವಾಗಿಟ್ಟು, ಒಂದು ಕ್ಷಣ ಸುಮ್ಮನೆ ಕಾದು, ಅದು ಮಿಡಿಯುತ್ತಿದೆಯೆ ಎಂದು ನೋಡಬೇಕು. ಈ ಲೇಖನದ ಮೊದಲಲ್ಲಿ ನೀವು ನಿಮ್ಮ ದವಡೆಯ ಮೇಲೆ ಇಟ್ಟುಕೊಂಡಿರಲ್ಲ, ಅದೇ ಬೆರಳು, ಅಷ್ಟೇ ತಾಳ್ಮೆ.